ಬ್ರಷ್ ಗೆರೆ, ಧೂಳಿನ ಕಾಳು, ಮತ್ತೆ ಒಂದು ಸೊಳ್ಳೆ

ದಸರಾ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಬಣ್ಣವೇ ಬದಲಾಗುತ್ತದೆ. ಸೋರುವ ತಾರಸಿ, ಗೆದ್ದಲು, ಕಟ್ಟಿಕೊಂಡ ಪೈಪು ಎಲ್ಲ ಹಿಂದೆ ಸರಿದು ಪೇಂಟ್ ಮುಂದೆ ಬಂದು ನಿಲ್ಲುತ್ತದೆ. ಈ ಸಲ ಗೋಡೆಯ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಮನೆಯೊಳಗಿನ ಮರದ ಕೆಲಸದ್ದನ್ನೇ ಆರಿಸಿಕೊಂಡಿದ್ದೇನೆ. ಬಾಗಿಲು, ಕಿಟಕಿ, ಚೌಕಟ್ಟು, ವಾರ್ಡ್‌ರೋಬ್. ಮೊದಲನೆಯ ಉತ್ತರ ಉದ್ದ ಇದೆ. ಉಳಿದವರೂ ಅದನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಬನ್ನಿ, ಹೇಳಿದ್ದನ್ನೇ ಹೇಳೋದು ನನಗೂ ತಪ್ಪುತ್ತದೆ.

ಪ್ರಶ್ನೆ: ಹೊಸ ಮನೆ. ಒಳಗಿನ ನಾಲ್ಕು ಫ್ಲಶ್ ಡೋರ್‌ಗಳಿಗೆ ಬಿಳಿ ಗ್ಲಾಸಿ ಎನಾಮಲ್ ಎರಡು ಕೋಟ್ ಹೊಡೆಸಿದ್ದೇವೆ. ದೂರದಿಂದ ಚೆನ್ನಾಗಿ ಕಾಣುತ್ತೆ. ಹತ್ತಿರ ಹೋದರೆ ಪೊರಕೆಯಲ್ಲಿ ಗುಡಿಸಿದ ಹಾಗೆ ಬ್ರಷ್ ಗೆರೆ, ಕೈ ಆಡಿಸಿದರೆ ರವೆ ರವೆ. ಪೇಂಟರ್ ‘ಇನ್ನೊಂದು ಕೋಟ್ ಹೊಡೆದರೆ ಎಲ್ಲಾ ಮುಚ್ಚಿಹೋಗುತ್ತೆ ಸಾರ್’ ಅಂತಿದ್ದಾರೆ. ಹೊಡೆಸಲಾ?
— ಓದುಗರು, ಹಾಸನ

ಬೇಡ. ಈಗಿರುವ ಗೆರೆಯ ಮೇಲೆ ಮೂರನೇ ಕೋಟ್ ಹೊಡೆದರೆ ಗೆರೆ ಹೋಗುವುದಿಲ್ಲ, ದಪ್ಪ ಆಗುತ್ತದೆ ಅಷ್ಟೇ. ಎನಾಮಲ್ ಏನನ್ನೂ ಮುಚ್ಚುವುದಿಲ್ಲ ಸ್ವಾಮಿ, ಕೆಳಗೆ ಏನಿದೆಯೋ ಅದನ್ನೇ ಹೊಳಪು ಕೊಟ್ಟು ಎತ್ತಿ ತೋರಿಸುತ್ತದೆ. ಅದರಲ್ಲೂ ಗ್ಲಾಸಿ ಬಿಳಿ ಅಂದರೆ ಚಾಡಿಕೋರ ಬಣ್ಣ, ಒಂದು ಕೂದಲು ಬಿದ್ದಿದ್ದರೂ ಹೇಳಿಬಿಡುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ರಾತ್ರಿ ಲೈಟ್ ಆರಿಸಿ, ಮೊಬೈಲಿನ ಟಾರ್ಚನ್ನು ಬಾಗಿಲಿಗೆ ಒರಗಿಸಿ ಹಿಡಿದು, ಬೆಳಕು ಅಡ್ಡಡ್ಡ ಹರಿಯುವ ಹಾಗೆ ಬಿಡಿ. ಎಲ್ಲಿ ತಗ್ಗು, ಎಲ್ಲಿ ಉಬ್ಬು, ಎಲ್ಲಿ ಪೇಂಟ್ ಇಳಿದು ನಿಂತಿದೆ ಎಲ್ಲ ಕಾಣುತ್ತದೆ. ಹಗಲು ನೆಟ್ಟಗೆ ನಿಂತು ನೋಡಿದರೆ ಇದರಲ್ಲಿ ಅರ್ಧವೂ ಗೊತ್ತಾಗುವುದಿಲ್ಲ. ಕೆಲಸ ಒಪ್ಪಿಸಿಕೊಳ್ಳುವಾಗಲೂ ಹೀಗೇ ನೋಡಿ. ಪೇಂಟರ್ ಸ್ವಲ್ಪ ಮುಖ ಸಿಂಡರಿಸಬಹುದು, ಪರವಾಗಿಲ್ಲ.

ಈಗ ರಿಪೇರಿ. ಎಣ್ಣೆ ಆಧಾರಿತ ಎನಾಮಲ್ ಒಣಗುವುದು ನೀರು ಆರಿದ ಹಾಗಲ್ಲ. ಅದರಲ್ಲಿರುವ ಟರ್ಪೆಂಟೈನ್ ಹಾರಿಹೋದ ಮೇಲೆ, ಉಳಿದ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಿರುವುದು ಬೇರೆ, ಒಳಗಿನವರೆಗೆ ಗಟ್ಟಿಯಾಗುವುದು ಬೇರೆ. ಹಾಗಾಗಿ ಒಂದು ವಾರ ಬಿಡಿ. ಆಮೇಲೆ 320 ನಂಬರಿನ ವಾಟರ್ ಪೇಪರ್ (ನೀರಿನಲ್ಲಿ ಅದ್ದಿ ಉಜ್ಜುವ ಉಪ್ಪುಕಾಗದ, ನಂಬರ್ ದೊಡ್ಡದಾದಷ್ಟು ನುಣುಪು) ತಂದು, ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಪೇಪರನ್ನು ಅದ್ದಿ ಅದ್ದಿ ಉಜ್ಜಿ. ಹೊಳಪು ಪೂರ್ತಿ ಸತ್ತು, ಇಡೀ ಬಾಗಿಲು ಸೀಮೆಸುಣ್ಣ ಬಳಿದ ಹಾಗೆ ಮಂಕಾಗಬೇಕು. ಎಲ್ಲಾದರೂ ಹೊಳೆಯುವ ಗೆರೆ ಉಳಿದಿದೆ ಅಂದರೆ ಅದು ಇನ್ನೂ ತಗ್ಗಾಗಿರುವ ಜಾಗ. ಅಂಚು, ಮೂಲೆಯಲ್ಲಿ ಕೈ ಹಗುರ ಇರಲಿ, ಅಲ್ಲಿ ಬೇಗ ಮರದವರೆಗೆ ಹೋಗಿಬಿಡುತ್ತದೆ.

ಪೇಪರನ್ನು ಬರಿಗೈಯಲ್ಲಿ ಹಿಡಿದು ಉಜ್ಜಬೇಡಿ. ಬೆರಳಿನ ಒತ್ತಡಕ್ಕೆ ಬೆರಳಿನಗಲದ ತಗ್ಗುಗಳು ಬೀಳುತ್ತವೆ. ಹಳೇ ಹವಾಯಿ ಚಪ್ಪಲಿ ಇರುತ್ತದಲ್ವಾ, ಅದರ ಹಿಮ್ಮಡಿ ಭಾಗವನ್ನು ಚೌಕಾಕಾರಕ್ಕೆ ಕತ್ತರಿಸಿ, ಪೇಪರನ್ನು ಅದಕ್ಕೆ ಸುತ್ತಿ ಹಿಡಿದರೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನಾನು ಅಂಗಡಿಯ ರಬ್ಬರ್ ಬ್ಲಾಕ್ ಕೊಂಡು ಬಿಸಾಕಿ ಮತ್ತೆ ಚಪ್ಪಲಿಗೇ ಬಂದವನು.

ಉಜ್ಜಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಒಂದೇ ಒಂದು ತೆಳು ಕೋಟ್ ಕೊಡಿಸಿ. ನಿಮ್ಮ ಬಾಗಿಲಿಗೆ ಇಷ್ಟೇ ಸಾಕು.

ಆದರೆ ಇನ್ನೂ ಪೇಂಟ್ ಶುರು ಮಾಡದೇ ಇರುವವರು ಈ ಪರಿಸ್ಥಿತಿಗೆ ಬರಬಾರದು ಅಂತ ಬುಡದಿಂದ ಹೇಳುತ್ತೇನೆ. ಹೊಸ ಮರಕ್ಕೆ 120ರ ಉಪ್ಪುಕಾಗದ, ಆಮೇಲೆ 180. ಯಾವಾಗಲೂ ಮರದ ಎಳೆ ಹೋದ ದಿಕ್ಕಿನಲ್ಲೇ. ಅಡ್ಡ ಉಜ್ಜಿದರೆ ಬೀಳುವ ಗೀರು ಮೂರು ಕೋಟ್ ಪೇಂಟ್ ಆದ ಮೇಲೂ ಕಾಣುತ್ತದೆ. ಆಮೇಲೆ ಮರದ ಪ್ರೈಮರ್ ಒಂದು ಕೋಟ್, ಸ್ವಲ್ಪ ತೆಳುವಾಗಿ, ಮರ ಕುಡಿಯುವ ಹಾಗೆ. ಪುಟ್ಟಿ ಪ್ರೈಮರ್ ಆದ ಮೇಲೇ ಹಾಕಬೇಕು. ಇದನ್ನು ಬಹಳ ಜನ ಉಲ್ಟಾ ಮಾಡುತ್ತಾರೆ. ಬರೀ ಮರದ ಮೇಲೆ ಪುಟ್ಟಿ ಎಳೆದರೆ ಅದರಲ್ಲಿರುವ ಎಣ್ಣೆಯನ್ನೆಲ್ಲ ಮರ ಎಳೆದುಕೊಂಡುಬಿಡುತ್ತದೆ, ಪುಟ್ಟಿ ಒಣ ಹಿಟ್ಟಾಗಿ ಆಮೇಲೆ ಚಕ್ಕೆ ಏಳುತ್ತದೆ.

ಇನ್ನೊಂದು ದೊಡ್ಡ ತಪ್ಪು, ಗೋಡೆಗೆ ತಂದು ಮಿಕ್ಕಿದ ವಾಲ್ ಪುಟ್ಟಿಯನ್ನೇ ಬಾಗಿಲಿಗೂ ಮೆತ್ತುವುದು. ಅದು ಬಿಳಿ ಸಿಮೆಂಟಿನದು. ಗೋಡೆ ಅಲ್ಲಾಡುವುದಿಲ್ಲ, ಮರ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಸಿಮೆಂಟು ಅದರ ಜೊತೆ ಹಿಗ್ಗಲಾರದೆ ಬಿರುಕು ಬಿಡುತ್ತದೆ. ಮರಕ್ಕೆ ಮರದ ಪುಟ್ಟಿಯೇ ಬೇಕು. ಹಳೇ ಪೇಂಟರುಗಳು ಚಾಕ್ ಪೌಡರ್‌ಗೆ ವಾರ್ನಿಷ್, ಸ್ವಲ್ಪ ಪ್ರೈಮರ್ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ತಾವೇ ಕಲಸಿಕೊಳ್ಳುತ್ತಾರೆ, ಅದೂ ಒಳ್ಳೆಯದೇ. ಒಂದೇ ಸಲ ದಪ್ಪ ಹಾಕಬಾರದು. ಒಣಗುತ್ತಾ ಕುಸಿಯುತ್ತದೆ, ಆದ್ದರಿಂದ ತೆಳುವಾಗಿ ಎರಡು ಸಲ.

ಪುಟ್ಟಿ ಒಣಗಿದ ಮೇಲೆ ಅದರ ಮೇಲೆಲ್ಲ ಪೆನ್ಸಿಲ್‌ನಲ್ಲಿ ಮಕ್ಕಳು ಗೀಚಿದ ಹಾಗೆ ಹಗುರವಾಗಿ ಗೀಚಿ. ಆಮೇಲೆ 220ರಲ್ಲಿ ಉಜ್ಜಿ. ಗೀಚಿದ್ದು ಎಲ್ಲಿ ಅಳಿಸಿಲ್ಲವೋ ಅಲ್ಲಿ ತಗ್ಗಿದೆ ಅಂತ ಅರ್ಥ. ಅಲ್ಲಿಗೆ ಮತ್ತೆ ಸ್ವಲ್ಪ ಪುಟ್ಟಿ. ಕಣ್ಣು ಮೋಸ ಮಾಡಿದರೂ ಪೆನ್ಸಿಲ್ ಮೋಸ ಮಾಡುವುದಿಲ್ಲ. ಇದಾದ ಮೇಲೆ ಪ್ರೈಮರ್ ಎರಡನೇ ಕೋಟ್, ಅದಕ್ಕೆ 320ರಲ್ಲಿ ಒಂದು ಹಗುರ ಉಜ್ಜು. ಈಗ ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿ. ನುಣುಪು ಈಗಲೇ ಬಂದಿರಬೇಕು, ಬಂದಿಲ್ಲ ಅಂದರೆ ಪೇಂಟ್ ಡಬ್ಬ ತೆಗೆಯಬೇಡಿ.

ರವೆ ರವೆ ಅಂದಿರಲ್ಲ, ಅದು ಎರಡು ಕಡೆಯಿಂದ ಬರುತ್ತದೆ. ಒಂದು ಗಾಳಿಯ ಧೂಳು, ಇನ್ನೊಂದು ಡಬ್ಬದೊಳಗಿನ ಕೆನೆ. ಒಮ್ಮೆ ತೆಗೆದು ಮುಚ್ಚಿಟ್ಟ ಎನಾಮಲ್ ಮೇಲೆ ಹಾಲಿನ ಕೆನೆಯ ಹಾಗೆ ಪದರ ಕಟ್ಟುತ್ತದೆ. ಅದನ್ನು ಕಡ್ಡಿಯಲ್ಲಿ ಕಲಕಿ ಒಳಗೇ ಸೇರಿಸಿಬಿಟ್ಟರೆ ಮುಗಿಯಿತು, ಚೂರು ಚೂರಾಗಿ ಬಾಗಿಲ ತುಂಬಾ ಬಂದು ಕೂರುತ್ತದೆ. ಕೆನೆಯನ್ನು ಅಂಚಿನಲ್ಲಿ ಚಾಕುವಿನಿಂದ ಬಿಡಿಸಿ ಇಡಿಯಾಗಿ ಎತ್ತಿ ಬಿಸಾಕಿ. ಆಮೇಲೆ ಹಳೇ ವಾಯಿಲ್ ಸೀರೆಯ ತುಂಡಿನಲ್ಲಿ ಪೇಂಟನ್ನು ಬೇರೆ ಡಬ್ಬಕ್ಕೆ ಸೋಸಿ. ಹೊಸ ಡಬ್ಬವಾದರೂ ನಾನು ಸೋಸುತ್ತೇನೆ. ಕೊನೇ ಕೋಟಿಗೆ ಒಂದು ಲೀಟರಿಗೆ 50ರಿಂದ 100 ಎಂ.ಎಲ್. ಟರ್ಪೆಂಟೈನ್ ಸೇರಿಸಿದರೆ ಬ್ರಷ್ ಸರಾಗ ಹರಿಯುತ್ತದೆ, ಗೆರೆ ತಾನೇ ಕೂಡಿಕೊಳ್ಳಲು ಸಮಯ ಸಿಗುತ್ತದೆ. ಡಬ್ಬದ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದೇ ಸರಿ. ಅಂಗಡಿಯವರು ‘ಥಿನ್ನರ್’ ಅಂತ ಎನ್.ಸಿ. ಥಿನ್ನರ್ ಕೊಟ್ಟಾರು, ನೋಡಿ ತನ್ನಿ. ಅದು ಲ್ಯಾಕರ್‌ಗೆ, ಎನಾಮಲ್‌ಗಲ್ಲ.

ಬ್ರಷ್ ವಿಷಯಕ್ಕೆ ಬಂದರೆ, ಹೊಚ್ಚ ಹೊಸ ಬ್ರಷ್‌ನಲ್ಲಿ ಕೊನೇ ಕೋಟ್ ಹೊಡೆಯಬಾರದು. ಕೂದಲು ಉದುರುತ್ತದೆ. ಹೊಸದನ್ನು ಪ್ರೈಮರ್‌ಗೆ ಬಳಸಿ ಪಳಗಿಸಿ, ತೊಳೆದಿಟ್ಟು, ಆಮೇಲೆ ಫಿನಿಶಿಂಗ್‌ಗೆ ತೆಗೆಯಿರಿ. ಎರಡು ಅಥವಾ ಎರಡೂವರೆ ಇಂಚಿನದು ಸಾಕು. ಕೂದಲಿನ ಮೂರನೇ ಒಂದು ಭಾಗ ಮಾತ್ರ ಅದ್ದಬೇಕು. ಮೊದಲು ಉದ್ದಕ್ಕೆ ಹಚ್ಚಿ, ಅಡ್ಡಕ್ಕೆ ಹರಡಿ, ಕೊನೆಗೆ ಬ್ರಷ್‌ನ ತುದಿ ಮಾತ್ರ ಸೋಕುವ ಹಾಗೆ, ಮಗುವಿನ ಕೆನ್ನೆಗೆ ಪೌಡರ್ ಹಚ್ಚಿದಷ್ಟು ಹಗುರವಾಗಿ, ಮೇಲಿಂದ ಕೆಳಕ್ಕೆ ಒಂದೇ ಎಳೆತ. ಆಮೇಲೆ ಕೈ ಹಿಂದಕ್ಕೆ.

ಈ ‘ಕೈ ಹಿಂದಕ್ಕೆ’ ಅನ್ನೋದೇ ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಕೆಲಸ. ಹೊಡೆದು ಹತ್ತು ನಿಮಿಷ ಆದ ಮೇಲೆ ಅಲ್ಲೊಂದು ಸಣ್ಣ ಚುಕ್ಕೆ ಬಿಟ್ಟುಹೋಗಿರುವುದು ಕಾಣುತ್ತದೆ, ತಡೆಯಲಾಗದೆ ಬ್ರಷ್ ಹಾಕುತ್ತೀರಿ, ಅಷ್ಟು ಹೊತ್ತಿಗೆ ಮೇಲಿನ ಪದರ ಎಳೆಯಲು, ಅಂದರೆ ಒಣಗಿ ಅಂಟಾಗಲು, ಶುರುವಾಗಿರುತ್ತದೆ, ಚುಕ್ಕೆ ಇದ್ದ ಕಡೆ ಅಂಗೈ ಅಗಲದ ಕಲೆ ಆಗುತ್ತದೆ. ನಾನು ನಮ್ಮ ಮನೆಯ ದೇವರಕೋಣೆಯ ಬಾಗಿಲಿಗೆ ಗೃಹಪ್ರವೇಶದ ಹಿಂದಿನ ಸಂಜೆ ಕೊನೇ ಕೋಟ್ ಹೊಡೆದೆ. ಚೆನ್ನಾಗೇ ಬಂದಿತ್ತು. ಒಂದು ಸೊಳ್ಳೆ ಬಂದು ಸರಿಯಾಗಿ ನಡುಮಧ್ಯ ಅಂಟಿಕೊಂಡಿತು. ಬೆರಳಲ್ಲಿ ತೆಗೆಯಲು ಹೋದೆ, ಕಾಲುಗಳು ಅಲ್ಲೇ ಉಳಿದವು. ಕಾಲು ತೆಗೆಯಲು ಬಟ್ಟೆ ತಂದೆ, ಬಟ್ಟೆಯ ನೂಲು ಉಳಿಯಿತು. ನೂಲಿಗೆ ಬ್ರಷ್ ತಂದೆ. ಬೆಳಿಗ್ಗೆ ಪುರೋಹಿತರು ಬಾಗಿಲು ನೋಡಿ ‘ಇಲ್ಲಿ ಏನೋ ಸ್ಟಿಕರ್ ಕಿತ್ತಿದ್ದೀರಾ?’ ಅಂತ ಕೇಳಿದರು. ಸೊಳ್ಳೆಯನ್ನು ಅದರ ಪಾಡಿಗೆ ಬಿಟ್ಟಿದ್ದರೆ, ಎರಡು ದಿನ ಬಿಟ್ಟು ಒಂದು ಚೂರು 600ರ ಪೇಪರಿನಲ್ಲಿ ತಟ್ಟಿದರೆ ಉದುರಿಹೋಗುತ್ತಿತ್ತು.

ಧೂಳಿಗೆ ಮದ್ದು ಏನೆಂದರೆ, ಹಿಂದಿನ ದಿನವೇ ಗುಡಿಸಿ ಒರೆಸಿಡಿ. ಅವತ್ತು ಗುಡಿಸಬೇಡಿ. ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ. ಫ್ಯಾನ್ ಹಾಕಬೇಡಿ, ಬೆವರು ಬಂದರೂ ಪರವಾಗಿಲ್ಲ. ಸಾಧ್ಯವಾದರೆ ಬಾಗಿಲನ್ನು ಕೀಲಿನಿಂದ ಬಿಚ್ಚಿ ಎರಡು ಸ್ಟೂಲಿನ ಮೇಲೆ ಮಲಗಿಸಿ ಹೊಡೆಯಿರಿ. ಮಲಗಿದ ಬಾಗಿಲಿನಲ್ಲಿ ಪೇಂಟ್ ಕೆಳಗೆ ಇಳಿಯಲು ಜಾಗವೇ ಇಲ್ಲ, ಅಲ್ವಾ? ಬಿಡಿ ಹಲಗೆಗಳಿರುವ ಪ್ಯಾನೆಲ್ ಬಾಗಿಲಾದರೆ ಮೊದಲು ಒಳಗಿನ ಹಲಗೆ, ಆಮೇಲೆ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ.

ಮತ್ತೆ ಒಂದು ಮಾತು. ಗ್ಲಾಸಿಯೇ ಬೇಕೆಂಬ ಹಟ ಇಲ್ಲದಿದ್ದರೆ ಹೊಳಪು ಕಡಿಮೆ ಇರುವ ಸ್ಯಾಟಿನ್ ಫಿನಿಶ್ ತೆಗೆದುಕೊಳ್ಳಿ. ಅರ್ಧ ತಪ್ಪು ಅದರಲ್ಲೇ ಮುಚ್ಚಿಹೋಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಬಚ್ಚಲಿನ ಪಕ್ಕದ ಕೋಣೆಯ ಬಾಗಿಲು ಹಾಕಲು ತೆಗೆಯಲು ಒದ್ದಾಡಬೇಕು. ಬಡಗಿ ‘ಕೆಳಗೆ ಒಂದು ಸಲ ಹತ್ತರಿ ಹೊಡೆದು ಪೇಂಟ್ ಮಾಡಿಬಿಡೋಣ’ ಅಂತಾರೆ. ಪೇಂಟ್ ಮಾತ್ರ ಪ್ರತೀ ವರ್ಷ ಕೆಳಭಾಗದಲ್ಲಿ ಗುಳ್ಳೆ ಎದ್ದು ಹೋಗುತ್ತಿದೆ.
— ಓದುಗರು, ಸಿರಸಿ

ಹತ್ತರಿ ಹೊಡೆಸಲು ಅವಸರ ಮಾಡಬೇಡಿ. ಈಗ ಉಬ್ಬಿರುವಾಗ ಹೊಡೆದರೆ ಮಾರ್ಚ್ ತಿಂಗಳಿಗೆ ಬಾಗಿಲ ಕೆಳಗೆ ಹಲ್ಲಿ ನುಗ್ಗುವಷ್ಟು ಸಂದಿ ಆಗಿರುತ್ತದೆ. ಜನವರಿ ಫೆಬ್ರವರಿವರೆಗೆ ಕಾದು, ಮರ ಒಣಗಿ ತನ್ನ ಅಳತೆಗೆ ಬಂದ ಮೇಲೂ ಹಿಡಿಯುತ್ತಿದ್ದರೆ ಆಗ ಹೊಡೆಸಿ.

ಗುಳ್ಳೆಯ ಕಾರಣ ನೀವು ನೋಡದ ಜಾಗದಲ್ಲಿದೆ. ಒಂದು ಕನ್ನಡಿಯನ್ನು ಬಾಗಿಲಿನ ಕೆಳಗೆ ಹಿಡಿದು ನೋಡಿ. ಕೆಳಗಿನ ಅಂಚಿಗೆ ಪೇಂಟೇ ಬಿದ್ದಿರುವುದಿಲ್ಲ, ನೂರಕ್ಕೆ ತೊಂಬತ್ತು ಮನೆಗಳಲ್ಲಿ ಹೀಗೇ ಅಂತ ನಾನು ಪಂತ ಕಟ್ಟುತ್ತೇನೆ. ಮೇಲಿನ ಅಂಚೂ ಅಷ್ಟೇ, ಯಾರಿಗೆ ಕಾಣುತ್ತೆ ಅಂತ ಬಿಟ್ಟಿರುತ್ತಾರೆ. ಮರದ ಉದ್ದಪಟ್ಟಿಯ ತುದಿ ಅಂದರೆ ಹುಲ್ಲಿನ ಕೊಳವೆಗಳ ಕಟ್ಟು ಇದ್ದ ಹಾಗೆ, ನೀರು ಅಲ್ಲಿಂದಲೇ ಮೇಲಕ್ಕೆ ಏರುತ್ತದೆ. ಮುಖಕ್ಕೆ ನಾಲ್ಕು ಕೋಟ್ ಹೊಡೆದು ಕಾಲು ಬರಿದಾಗಿ ಬಿಟ್ಟರೆ ಒಳಗೆ ಹೋದ ನೀರು ಬಿಸಿಲು ಬಂದಾಗ ಆವಿಯಾಗಿ ಪೇಂಟನ್ನು ಒಳಗಿನಿಂದ ತಳ್ಳುತ್ತದೆ. ಅದೇ ನಿಮ್ಮ ಗುಳ್ಳೆ.

ಬೇಸಿಗೆಯಲ್ಲಿ ಬಾಗಿಲು ಬಿಚ್ಚಿಸಿ, ಗುಳ್ಳೆ ಎದ್ದ ಭಾಗವನ್ನು ಗಟ್ಟಿ ಪೇಂಟ್ ಸಿಗುವವರೆಗೆ ಕೆರೆದು, ಕೆಳ ಅಂಚು ಮೇಲಂಚುಗಳಿಗೆ ಪ್ರೈಮರ್ ಎರಡು ಸಲ ಕುಡಿಸಿ, ಆಮೇಲೆ ಎಲ್ಲ ಕಡೆಗೂ ಪೇಂಟ್. ಮಲೆನಾಡಿನ ಜುಲೈನಲ್ಲಿ ಯಾರು ಎಷ್ಟು ಕಡಿಮೆ ರೇಟಿಗೆ ಮಾಡಿಕೊಡುತ್ತೇನೆಂದರೂ ಮರಕ್ಕೆ ಪೇಂಟ್ ಮಾಡಿಸಬೇಡಿ. ಒದ್ದೆ ಮರದ ಮೇಲೆ ಹೊಡೆದದ್ದು ನಿಲ್ಲುವುದಿಲ್ಲ.

ಪ್ರಶ್ನೆ: ಅಜ್ಜನ ಕಾಲದ ಮನೆ. ಹಜಾರದ ಮರದ ಕಂಬ, ಕಿಟಕಿಗಳಿಗೆ ಕಂದು ಎನಾಮಲ್ ಹೊಡೆಸಿ ಎರಡು ತಿಂಗಳಾಯಿತು. ಈಗಲೂ ಒರಗಿದರೆ ಅಂಗಿ ಅಂಟುತ್ತದೆ. ಪೇಂಟ್ ಹಾಳಾದದ್ದೇ?
— ಓದುಗರು, ಕುಂದಾಪುರ

ಪೇಂಟ್ ಹಾಳಾಗಿರುವುದಕ್ಕಿಂತ ಅದರ ಕೆಳಗೆ ಏನಿದೆ ಅನ್ನುವುದರ ಮೇಲೆ ನನಗೆ ಅನುಮಾನ. ಕರಾವಳಿಯ ಹಳೇ ಮನೆಗಳಲ್ಲಿ ಗೆದ್ದಲು ಬರದಿರಲಿ ಅಂತ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇತ್ತು. ಮರ ಕಪ್ಪಗೆ, ಹಳೇ ವಾಸನೆಯಿಂದ ಇದ್ದಿದ್ದರೆ ಅದೇ ಇರಬೇಕು, ಮನೆಯ ಹಿರಿಯರನ್ನು ಕೇಳಿ ನೋಡಿ. ಮೊದಲ ಉತ್ತರದಲ್ಲಿ ಹೇಳಿದೆನಲ್ಲ, ಎನಾಮಲ್ ಗಟ್ಟಿಯಾಗಲು ಆಮ್ಲಜನಕದ ಜೊತೆ ಕೂಡಬೇಕು ಅಂತ. ಈ ಎಣ್ಣೆ ಆ ಕೂಡುವಿಕೆಗೇ ಅಡ್ಡಗಾಲು ಹಾಕುತ್ತದೆ. ಬೀಟೆ ಮರದ ಸಹಜ ಎಣ್ಣೆಯದೂ ಇದೇ ಗುಣ. ತೇಗದ ಎಣ್ಣೆಗೂ ಪೇಂಟ್ ಸರಿಯಾಗಿ ಕಚ್ಚದೆ ಹೋಗುವುದುಂಟು.

ಬೇರೆ ಕಾರಣಗಳೂ ಇರಬಹುದು. ಒಂದೇ ಸಲ ದಪ್ಪ ಬಳಿದಿರಬಹುದು, ಒಂದು ಕೋಟ್ ಒಣಗುವ ಮುಂಚೆ ಇನ್ನೊಂದು ಹೊಡೆದಿರಬಹುದು (ಆಗ ಮೇಲ್ಮೈ ಸುಕ್ಕು ಸುಕ್ಕಾಗಿರುತ್ತದೆ, ಕಾದ ಹಾಲಿನ ಕೆನೆಯ ಹಾಗೆ), ಅಥವಾ ಟರ್ಪೆಂಟೈನ್ ಬದಲು ಸೀಮೆಎಣ್ಣೆ ಬೆರೆಸಿರಬಹುದು. ಉಗುರಿನಿಂದ ಒಂದು ಮೂಲೆ ಕೆರೆದು ನೋಡಿ. ಮೇಲೆ ಗಟ್ಟಿಯಾಗಿ ಒಳಗೆ ಮೆತ್ತಗಿದ್ದರೆ ದಪ್ಪದ ತಪ್ಪು. ಮರಕ್ಕೆ ತಾಗಿದ ಕಡೆಯೇ ಜಾಸ್ತಿ ಅಂಟಾಗಿದ್ದರೆ ಎಣ್ಣೆ.

ಎಣ್ಣೆಯೇ ಆದರೆ ಬೇರೆ ದಾರಿ ಇಲ್ಲ, ಕೆರೆದು ತೆಗೆಯಬೇಕು. ಅಂಟು ಪೇಂಟನ್ನು ಉಪ್ಪುಕಾಗದದಲ್ಲಿ ತೆಗೆಯಲು ಹೋಗಬೇಡಿ, ಎರಡೇ ನಿಮಿಷಕ್ಕೆ ಕಾಗದ ಕಟ್ಟಿಕೊಳ್ಳುತ್ತದೆ. ಸ್ಕ್ರೇಪರಿನಲ್ಲಿ ಎತ್ತಿ, ಉಳಿದದ್ದನ್ನು ಥಿನ್ನರಿನ ಬಟ್ಟೆಯಲ್ಲಿ, ಬಟ್ಟೆ ಬದಲಾಯಿಸುತ್ತಾ, ಬಣ್ಣ ಬರುವುದು ನಿಲ್ಲುವವರೆಗೆ ಒರೆಸಬೇಕು. ಕಿಟಕಿ ತೆಗೆದಿಟ್ಟು, ಒಲೆ ದೀಪ ದೂರ ಇಟ್ಟು. ಆಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಎರಡು ತೆಳು ಕೋಟ್ ಹಚ್ಚಿ. ಅಂಗಡಿಯಲ್ಲಿ ಶೆಲ್ಲಾಕ್ ಅಂತ ಕೇಳಿ. ಕೆಳಗಿನ ಎಣ್ಣೆಗೂ ಮೇಲಿನ ಪೇಂಟಿಗೂ ಮಧ್ಯೆ ಅದು ತಡೆಗೋಡೆ. ಗಂಟುಗಳಿರುವ ಪೈನ್ ಮರದಲ್ಲಿ ಬಿಳಿ ಪೇಂಟಿನ ಮೇಲೆ ಹಳದಿ ಕಲೆ ಏಳುವುದಕ್ಕೂ ಇದೇ ಔಷಧಿ. ಮೊದಲು ಕಾಣದ ಒಂದು ಅಡಿ ಜಾಗದಲ್ಲಿ ಮಾಡಿ, ಒಂದು ವಾರ ಬಿಟ್ಟು ನೋಡಿ, ಆಮೇಲೆ ಉಳಿದದ್ದು. ಒಣ ಹವೆಯ ದಿನ ನೋಡಿಕೊಳ್ಳಿ, ತೇವದಲ್ಲಿ ಅರಗು ಬೆಳ್ಳಗೆ ಮಂಜು ಕಟ್ಟುತ್ತದೆ.

ಅರಗು ಅಂದಾಗ ನೆನಪಾಯಿತು. ಮತದಾನದ ದಿನ ಬೆರಳಿಗೆ ಶಾಯಿ ಹಚ್ಚುತ್ತಾರಲ್ಲ, ಅದನ್ನು ಮಾಡುವ ಮೈಸೂರಿನ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಅರಗು ಇತ್ತು, ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ. ಶಾಯಿ ಬಂದದ್ದು 1962ರ ಚುನಾವಣೆಗೆ. ಈಗ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಚನ್ನಪಟ್ಟಣದ ಬೊಂಬೆಯ ನುಣುಪು ಕೂಡ ಅರಗಿನದೇ. ಅಲ್ಲಿ ಬ್ರಷ್ಷೇ ಇಲ್ಲ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಕರಗಿ ತಾನೇ ಹರಡಿಕೊಳ್ಳುತ್ತದೆ. ಗೆರೆ ಬರುವ ಪ್ರಶ್ನೆಯೇ ಇಲ್ಲ, ಪುಣ್ಯವಂತರು.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ಎಂ.ಡಿ.ಎಫ್. ವಾರ್ಡ್‌ರೋಬ್ ಬಾಗಿಲುಗಳಿಗೆ ನಾನೇ ವಾಟರ್ ಬೇಸ್ಡ್ ಎನಾಮಲ್ ರೋಲರ್‌ನಲ್ಲಿ ಹೊಡೆದೆ. ಮುಖ ಕಿತ್ತಳೆ ಸಿಪ್ಪೆಯ ಹಾಗೆ ಆಗಿದೆ, ಅಂಚುಗಳು ಬ್ರೆಡ್ಡಿನ ಹಾಗೆ ಒರಟು. ಯೂಟ್ಯೂಬ್‌ನಲ್ಲಿ ಎಷ್ಟು ಸುಲಭವಾಗಿ ತೋರಿಸಿದ್ರು!
— ಓದುಗರು, ಬೆಂಗಳೂರು

ವಿಡಿಯೊದಲ್ಲಿ ಉಜ್ಜುವ ಭಾಗವನ್ನು ಓಡಿಸಿರುತ್ತಾರೆ, ಅದಕ್ಕೇ ಸುಲಭ ಕಾಣುತ್ತದೆ.

ಎಂ.ಡಿ.ಎಫ್. ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ. ಮುಖ ಬಿಗಿಯಾಗಿರುತ್ತದೆ, ಕತ್ತರಿಸಿದ ಅಂಚು ಸ್ಪಂಜು. ಅಲ್ಲಿ ನೀರಿನ ಪೇಂಟ್ ಬಿದ್ದರೆ ಕುಡಿದು, ಉಬ್ಬಿ, ನಾರುಗಳು ಎದ್ದು ನಿಲ್ಲುತ್ತವೆ. ಅಂಚಿಗೆ ಮೊದಲು ಮರದ ಪುಟ್ಟಿಯನ್ನು ಬೆರಳಲ್ಲೇ ತಿಕ್ಕಿ ತುಂಬಿ, 220ರಲ್ಲಿ ಉಜ್ಜಿ, ಎಣ್ಣೆಯ ಪ್ರೈಮರ್ ಅಥವಾ ಶೆಲ್ಲಾಕ್ ಕೊಟ್ಟು, ಮತ್ತೆ ಉಜ್ಜಿ. ಬೆಣ್ಣೆಯ ಹಾಗಾದ ಮೇಲೆ ನೀರಿನ ಪೇಂಟ್. ಬರೀ ಎಂ.ಡಿ.ಎಫ್. ಮೇಲೆ ನೀರು ಹಾಕಿ ಉಜ್ಜಬೇಡಿ ಮತ್ತೆ, ಹಾಸನದವರಿಗೆ ಹೇಳಿದ್ದು ಒಣಗಿದ ಪೇಂಟ್ ಪದರಕ್ಕೆ ಮಾತ್ರ. ಮಾಸ್ಕ್ ಹಾಕಿಕೊಳ್ಳಿ, ಇದರ ಧೂಳು ಬಹಳ ಸಣ್ಣದು.

ಕಿತ್ತಳೆ ಸಿಪ್ಪೆ ಗೋಡೆಯ ರೋಲರ್‌ನ ಕೆಲಸ. ಅದರ ಉದ್ದ ಉಣ್ಣೆ ಪೇಂಟನ್ನು ಎತ್ತಿ ಎತ್ತಿ ಬಿಡುತ್ತದೆ. ನಾಲ್ಕು ಇಂಚಿನ ಸಣ್ಣ ಫೋಮ್ ರೋಲರ್ ತನ್ನಿ. ಒಂದು ಬಾಗಿಲಿಗೆ ರೋಲರ್‌ನಲ್ಲಿ ಬೇಗ ಹಚ್ಚಿ, ತಕ್ಷಣ ಒಳ್ಳೆಯ ಸಿಂಥೆಟಿಕ್ ಕೂದಲಿನ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಹಗುರವಾಗಿ ಎಳೆದು ಬಿಟ್ಟುಬಿಡಿ. ನೀರಿನ ಪೇಂಟ್ ಬೇಗ ಎಳೆಯುತ್ತದೆ, ಹೆಚ್ಚು ಸಮಯ ಕೊಡುವುದಿಲ್ಲ. ಆದ್ದರಿಂದ ಒಂದು ಬಾಗಿಲು ಪೂರ್ತಿ ಮುಗಿಸದೆ ಫೋನ್ ಎತ್ತಬೇಡಿ. ಈಗ ಆಗಿರುವ ಸಿಪ್ಪೆಯನ್ನು 240, ಆಮೇಲೆ 320ರಲ್ಲಿ ಒಣ ಉಜ್ಜಿ ಸಮ ಮಾಡಿಕೊಂಡು ಶುರು ಮಾಡಿ. ಎರಡು ರಜಾ ದಿನ ಹೋಗುತ್ತದೆ.

ಬಾಗಿಲಿಗೆ ಸ್ಪ್ರೇ ಮಾಡಿಸಿದರೆ ಇನ್ನೂ ಚೆನ್ನಾಗಿ ಬರುತ್ತದೆ, ಸುಳ್ಳಲ್ಲ. ಆದರೆ ವಾಸ ಇರುವ ಫ್ಲಾಟಿನಲ್ಲಿ ಸ್ಪ್ರೇ ಮಾಡಿಸಿದ ಒಬ್ಬ ನೆಂಟರು ಇವತ್ತಿಗೂ ಮಿಕ್ಸಿ ಮೇಲಿನ ಬಿಳಿ ಚುಕ್ಕೆ ಕೆರೆಯುತ್ತಿದ್ದಾರೆ.

ಪ್ರಶ್ನೆ: ಬಿಳಿ ಪೇಂಟ್ ಮಾಡಿಸಿದ ಬೀರು ಹೊರಗೆ ಬೆಳ್ಳಗೇ ಇದೆ, ಒಳಗೆ ಮಾತ್ರ ಬೆಣ್ಣೆ ಕಾಯಿಸಿದ ಬಣ್ಣಕ್ಕೆ ತಿರುಗಿದೆ. ಹೊರಗೊಂದು ಒಳಗೊಂದು ಪೇಂಟ್ ಹೊಡೆದು ಮೋಸ ಮಾಡಿದರೇ?
— ಓದುಗರು, ಮೈಸೂರು

ಇಲ್ಲ, ಪಾಪ. ಎಣ್ಣೆಯ ಎನಾಮಲ್ ಬೆಳಕಿಲ್ಲದ ಕಡೆ ಜಾಸ್ತಿ ಹಳದಿಯಾಗುತ್ತದೆ. ಕ್ಯಾಲೆಂಡರ್ ನೇತುಹಾಕಿದ ಜಾಗ, ಯಾವಾಗಲೂ ತೆರೆದೇ ಇರುವ ಬಾಗಿಲಿನ ಹಿಂಬದಿ, ಎಲ್ಲ ಕಡೆ ಇದೇ ಕತೆ. ಬೀರುವಿನ ಬಾಗಿಲನ್ನು ಕೆಲವು ದಿನ ಬೆಳಕಿಗೆ ತೆರೆದಿಟ್ಟರೆ ಸ್ವಲ್ಪ ಮಟ್ಟಿಗೆ ಬಿಳಿ ವಾಪಸ್ ಬರುವುದೂ ಉಂಟು. ಮುಂದಿನ ಸಲ ಒಳಗಡೆಗೆ ನೀರಿನ ಎನಾಮಲ್ ಹಾಕಿಸಿ. ಅದಕ್ಕೆ ಮುಂಚೆ ಹಳೆಯದರ ಹೊಳಪು ಉಜ್ಜಿ ಸಾಯಿಸಿ ಪ್ರೈಮರ್ ಕೊಡುವುದು ಕಡ್ಡಾಯ, ಇಲ್ಲದಿದ್ದರೆ ಉಗುರಲ್ಲಿ ಸುಲಿಯಬಹುದು.

ಪ್ರಶ್ನೆ: ಸುಮಾರು 1975ರ ಮನೆ ಕೊಂಡಿದ್ದೇವೆ. ಕಿಟಕಿಗಳ ಮೇಲೆ ಪೇಂಟಿನ ಮೇಲೆ ಪೇಂಟ್, ಐದಾರು ಬಣ್ಣ ಇದೆ. ಮಷಿನ್ ತಂದು ಉಜ್ಜಿಸಿಬಿಟ್ಟರೆ ನುಣುಪಾಗುತ್ತಾ? ಮನೆಯಲ್ಲಿ ಎರಡು ವರ್ಷದ ಮಗು ಇದೆ.
— ಓದುಗರು, ಧಾರವಾಡ

ಮಗು ಇದೆ ಅಂತ ಬರೆದದ್ದು ಒಳ್ಳೆಯದಾಯಿತು. ಮಷಿನ್ ಬೇಡವೇ ಬೇಡ. ನಮ್ಮ ದೇಶದಲ್ಲಿ ಮನೆ ಪೇಂಟಿನಲ್ಲಿ ಸೀಸಕ್ಕೆ ಮಿತಿ ಹಾಕುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಮಿತಿ 90 ಪಿ.ಪಿ.ಎಂ. ಅಂದರೆ ಹತ್ತು ಲಕ್ಷಕ್ಕೆ 90 ಭಾಗ. ನಿಮ್ಮ ಕಿಟಕಿಯ ಕೆಳಪದರಗಳು ಅದಕ್ಕೆ ಎಷ್ಟೋ ಹಿಂದಿನವು, ಸೀಸ ಇದೆ ಅಂತಲೇ ಇಟ್ಟುಕೊಂಡು ಕೆಲಸ ಮಾಡಿ. ಒಣಗಿದ್ದನ್ನು ಉಜ್ಜಿದರೆ ಅದು ಪುಡಿಯಾಗಿ ಮನೆ ತುಂಬಾ ಹರಡುತ್ತದೆ, ನೆಲದ ಮೇಲೆ ಆಡಿ ಕೈ ಬಾಯಿಗಿಟ್ಟುಕೊಳ್ಳುವ ಮಗುವಿನ ಹೊಟ್ಟೆಗೆ ಹೋಗುತ್ತದೆ. ಮಕ್ಕಳ ಮೆದುಳಿಗೆ ಸೀಸ ಕೆಟ್ಟದ್ದು, ಗರ್ಭಿಣಿಯರಿಗೂ.

ಪದರಗಳು ಗಟ್ಟಿಯಾಗಿ ಕೂತಿದ್ದರೆ ತೆಗೆಯಲೇ ಬೇಡಿ. ಸೋಪಿನ ನೀರಿನಲ್ಲಿ ತೊಳೆದು, ವಾಟರ್ ಪೇಪರಿನಲ್ಲಿ ಒದ್ದೆಯಾಗಿಯೇ ಹೊಳಪು ಸಾಯುವಷ್ಟು ಉಜ್ಜಿ, ಚಕ್ಕೆ ಎದ್ದ ಹಳ್ಳಗಳಿಗೆ ಪ್ರೈಮರ್, ಪುಟ್ಟಿ ಹಾಕಿ ಸಮ ಮಾಡಿ ಮೇಲೆ ಹೊಸ ಪೇಂಟ್ ಹೊಡೆಯಿರಿ. ಉಜ್ಜಿದ ಕೆಸರನ್ನು ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಕಿ, ತೋಟಕ್ಕೆ ಚೆಲ್ಲಬೇಡಿ. ಎಲ್ಲ ಕಿತ್ತುಬರುತ್ತಿದ್ದು ಪೂರ್ತಿ ತೆಗೆಯಲೇಬೇಕಾದರೆ ಕಿಟಕಿ ಬಾಗಿಲುಗಳನ್ನು ಬಿಚ್ಚಿ ಮನೆಯಿಂದ ದೂರ ಒಯ್ದು ಪೇಂಟ್ ರಿಮೂವರ್ ಹಚ್ಚಿ ಕೆರೆಸಿ. ಬ್ಲೋ ಲ್ಯಾಂಪ್‌ನಲ್ಲಿ ಸುಡುವುದು ಬೇಡ, ಸೀಸದ ಹೊಗೆ ಪುಡಿಗಿಂತ ಕೆಟ್ಟದ್ದು. ಆ ದಿನಗಳಲ್ಲಿ ಮಗು ಅಜ್ಜಿಯ ಮನೆಯಲ್ಲಿರಲಿ.

ನುಣುಪು ಬರುತ್ತಾ ಅಂತ ಕೇಳಿದ್ದೀರಿ. ಹೊಸ ಮರದಷ್ಟು ಬರುವುದಿಲ್ಲ. ಬಣ್ಣ ಸ್ವಲ್ಪ ಗಾಢವಾದದ್ದನ್ನು, ಹೊಳಪು ಕಡಿಮೆ ಇರುವುದನ್ನು ಆರಿಸಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಪೇಂಟ್ ಮಾಡಿದರೆ ಬ್ರಷ್ ಎಳೆಯುವಾಗಲೇ ಹಿಡಿದುಕೊಂಡು ಪಟ್ಟಿ ಪಟ್ಟಿ ಬರುತ್ತದೆ. ಏನು ಮಾಡಲಿ?
— ಓದುಗರು, ಕಲಬುರಗಿ

ಬೆಳಿಗ್ಗೆ ಆರಕ್ಕೆ ಶುರು ಮಾಡಿ ಒಂಬತ್ತಕ್ಕೆ ಬ್ರಷ್ ತೊಳೆದಿಡಿ. ನಿಮ್ಮೂರಿನ ಬಿಸಿಲಿನಲ್ಲಿ ಮಧ್ಯಾಹ್ನ ಬಾಗಿಲೇ ಹಂಚಾಗಿರುತ್ತದೆ. ಬಿಸಿಲು ಬೀಳುವ ಕಿಟಕಿಯನ್ನು ನೆರಳು ಬಂದ ಮೇಲೆ ಮಾಡಿ. ನವೆಂಬರ್‌ಗೆ ಮುಂದೂಡಲು ಆಗುವುದಾದರೆ ಅದೇ ಉತ್ತಮ.

ಪ್ರಶ್ನೆ: ತೇಗದ ಮುಂಬಾಗಿಲು ಇದೆ. ಈಗಿನ ಫ್ಯಾಷನ್ ಅಂತ ಮಗಳು ಬೂದು ಬಣ್ಣದ ಪೇಂಟ್ ಹೊಡೆಸೋಣ ಅಂತಿದ್ದಾಳೆ. ಒಳಮೈಗೆ ಮಾತ್ರ. ಸರಿಯೇ?
— ಓದುಗರು, ಚಿಕ್ಕಮಗಳೂರು

ಮಗಳ ಜೊತೆ ಜಗಳ ತಂದಿಡುವುದು ನನಗೆ ಇಷ್ಟವಿಲ್ಲ, ಆದರೆ ತೇಗದ ಎಳೆ ಮುಚ್ಚಲು ನನ್ನ ಕೈ ಬರುವುದಿಲ್ಲ. ಫ್ಯಾಷನ್ ಹೋದ ಮೇಲೆ ಪೇಂಟ್ ತೆಗೆಯಲು ಹೋದರೆ ಎಳೆಯ ಸಂದಿಯಲ್ಲೆಲ್ಲ ಬೂದು ಕೂತಿರುತ್ತದೆ, ಮತ್ತೆ ಮೊದಲಿನ ಹಾಗೆ ಪಾಲಿಶ್ ನಿಲ್ಲುವುದಿಲ್ಲ. ಚೌಕಟ್ಟು ಬೇರೆ ಮರದ್ದಾಗಿದ್ದರೆ ಅದಕ್ಕೆ ಬೂದು ಹೊಡೆಸಿ, ಬಾಗಿಲನ್ನು ಪಾಲಿಶ್‌ನಲ್ಲೇ ಬಿಡಿ. ಎರಡೂ ಒಟ್ಟಿಗೆ ಚೆನ್ನಾಗಿ ಕಾಣುತ್ತವೆ, ಮಗಳಿಗೂ ಒಂದು ಗೆದ್ದ ಹಾಗೆ. ಹೊಡೆಸಲೇಬೇಕು ಅಂದರೆ ಹಳೇ ಪಾಲಿಶ್ ಪೂರ್ತಿ ಉಜ್ಜಿ ತೆಗೆದು, ಪ್ರೈಮರ್‌ಗೆ ಮುಂಚೆ ಥಿನ್ನರ್ ಬಟ್ಟೆಯಲ್ಲಿ ತೇಗದ ಎಣ್ಣೆ ಒರೆಸಿ, ಒರೆಸಿದ ದಿನವೇ ಪ್ರೈಮರ್ ಕೊಡಿಸಿ. ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಪ್ರಶ್ನೆ: ಎಣ್ಣೆ ಪೇಂಟಿನ ಬ್ರಷ್ ಮರುದಿನಕ್ಕೆ ಕಲ್ಲಾಗುತ್ತದೆ. ದಿನಾ ಟರ್ಪೆಂಟೈನ್‌ನಲ್ಲಿ ತೊಳೆದು ತೊಳೆದು ಪೇಂಟಿಗಿಂತ ಅದಕ್ಕೇ ಖರ್ಚು.
— ಓದುಗರು, ತುಮಕೂರು

ಮರುದಿನ ಅದೇ ಬಣ್ಣ ಹೊಡೆಯುವುದಾದರೆ ತೊಳೆಯಲೇಬೇಡಿ. ಒಂದು ಡಬ್ಬದಲ್ಲಿ ನೀರು ಹಾಕಿ, ಕೂದಲು ಮುಳುಗುವ ಹಾಗೆ, ತುದಿ ತಳಕ್ಕೆ ತಾಗದ ಹಾಗೆ ಬ್ರಷ್ ತೂಗುಹಾಕಿ. ಹಿಡಿಯ ತೂತಿಗೆ ಒಂದು ತಂತಿ ಸಿಕ್ಕಿಸಿದರೆ ಸಾಕು. ನೀರಿನೊಳಗೆ ಗಾಳಿ ಅಷ್ಟಾಗಿ ಸಿಗದ್ದರಿಂದ ಪೇಂಟ್ ಗಟ್ಟಿಯಾಗುವುದಿಲ್ಲ. ಬೆಳಿಗ್ಗೆ ಜಾಡಿಸಿ, ಹಳೇ ಬಟ್ಟೆಯಲ್ಲಿ ಒರೆಸಿ, ಒಂದು ರಟ್ಟಿನ ಮೇಲೆ ನಾಲ್ಕು ಸಲ ಎಳೆದು ನೀರೆಲ್ಲ ಹೋಯಿತು ಅಂತ ಖಾತ್ರಿ ಮಾಡಿಕೊಂಡು ಶುರು ಮಾಡಿ. ಕೊನೇ ಕೋಟಿನ ದಿನ ಮಾತ್ರ ಈ ಬ್ರಷ್ ಬೇಡ, ತೊಳೆದು ಒಣಗಿಸಿದ್ದನ್ನೇ ತೆಗೆದುಕೊಳ್ಳಿ. ತೊಳೆದ ಟರ್ಪೆಂಟೈನನ್ನು ಬಾಟಲಿಯಲ್ಲಿ ಎರಡು ದಿನ ಇಟ್ಟರೆ ಬಣ್ಣ ತಳಕ್ಕೆ ಕೂತು ಮೇಲೆ ತಿಳಿಯಾಗುತ್ತದೆ, ಮುಂದಿನ ತೊಳೆತಕ್ಕೆ ಅದನ್ನೇ ಬಗ್ಗಿಸಿಕೊಳ್ಳಿ. ಬಾಟಲಿಯ ಮೇಲೆ ಹೆಸರು ಬರೆದು ಅಡುಗೆಮನೆಯಿಂದ ದೂರ ಇಡಿ.